ಪ್ರಶ್ನೆಗೊಂದು ಕಡಲೆಕಾಯಿ: ಮಕ್ಕಳ ಆಸಕ್ತಿ ಹುಡುಕಿ, ಹಂಚಿಕೊಳ್ಳಲು ಬಿಡುವ ಬಗೆ

ಏಳನೇ ಕ್ಲಾಸಿನ ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟು 'ನಿಮ್ಮ ಹವ್ಯಾಸಗಳನ್ನು ಬರೆಯಿರಿ' ಅಂದಿದ್ದೆ. 42 ಹಾಳೆ ವಾಪಸ್ ಬಂದವು. ಹೆಚ್ಚುಕಮ್ಮಿ ಎಲ್ಲದರಲ್ಲೂ ಅದೇ ಮೂರು: ಪುಸ್ತಕ ಓದುವುದು, ಹಾಡು ಕೇಳುವುದು, ಕ್ರಿಕೆಟ್ ಆಡುವುದು. ಪುಸ್ತಕ ಓದುವುದು ಅಂತ ಬರೆದವರಲ್ಲಿ ಮುಕ್ಕಾಲು ಪಾಲು ಜನ ಆ ವರ್ಷ ಲೈಬ್ರರಿ ಕಪಾಟಿನ ಹತ್ತಿರವೂ ಸುಳಿದಿರಲಿಲ್ಲ. ಮಕ್ಕಳು ಬೇಕಂತಲೇ ಸುಳ್ಳು ಬರೆದದ್ದಲ್ಲ. ಮಿಸ್ ಕೇಳಿದರೆ ಏನು ಬರೆಯಬೇಕು ಅಂತ ಅವರಿಗೆ ಗೊತ್ತು. ಬರೆದರು, ಅಷ್ಟೆ.

ಅದೇ ವಾರ ಒಂದು ಸಂಜೆ ಮಳೆ. ಬಸ್ ಸ್ಟಾಪಿನಲ್ಲಿ ಎಲ್ಲರೂ ಒತ್ತಿಕೊಂಡು ನಿಂತಿದ್ದೆವು. 'ಕ್ರಿಕೆಟ್' ಅಂತ ಬರೆದಿದ್ದ ಹುಡುಗನೊಬ್ಬ ದೂರದಲ್ಲಿ ಬರುತ್ತಿದ್ದ ಬಸ್ಸಿನ ನಂಬರನ್ನು ಬೋರ್ಡ್ ಕಾಣುವ ಮೊದಲೇ ಹೇಳಿದ. ಮೂರು ಬಸ್ಸು, ಮೂರೂ ಸರಿ. "ಹೇಗೋ ಗೊತ್ತಾಯ್ತು?" ಅಂದೆ.

"ಈ ಟೈಮಿಗೆ ಅದೇ ಬರೋದು ಮಿಸ್. 365 ಅಂದ್ರೆ ಬನ್ನೇರುಘಟ್ಟ. 335 ಅಂದ್ರೆ ವೈಟ್‌ಫೀಲ್ಡ್ ಕಡೆ. 500ರಲ್ಲಿ ಶುರುವಾದ್ರೆ ರಿಂಗ್ ರೋಡು."

"ಮತ್ತೆ ಹಾಳೆಯಲ್ಲಿ ಇದನ್ನ ಯಾಕೆ ಬರೀಲಿಲ್ಲ?"

"ಅದೆಲ್ಲಾ ಹವ್ಯಾಸ ಆಗುತ್ತಾ ಮಿಸ್?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಮಾಡಿಕೊಂಡ ಕ್ರಮ ಇದು. ಆರರಿಂದ ಒಂಬತ್ತನೇ ಕ್ಲಾಸಿನವರೆಗೆ ನಡೆಯುತ್ತದೆ. ಹತ್ತನೇ ಕ್ಲಾಸಿನಲ್ಲಿ ಶುರು ಮಾಡಬೇಡಿ. ಆ ವರ್ಷ ಮಕ್ಕಳ ತಲೆಯಲ್ಲಿ ಎಸ್ಸೆಸ್ಸೆಲ್ಸಿ ಬಿಟ್ಟು ಬೇರೇನೂ ಇರಲು ನಾವೇ ಬಿಡುವುದಿಲ್ಲ. ಒಟ್ಟು ಎಂಟು ವಾರ, ವಾರಕ್ಕೊಂದು ಪಿರಿಯಡ್ ಸಾಕು, ಕೊನೆಯ ವಾರ ಮಾತ್ರ ಎರಡು. ಸಮಯ ಎಲ್ಲಿದೆ ಅಂತ ಕೇಳುವವರಿಗೆ ಒಂದು ಮಾತು. ರಾಷ್ಟ್ರೀಯ ಶಿಕ್ಷಣ ನೀತಿ 2020 ಕೂಡ 6ರಿಂದ 8ನೇ ತರಗತಿಯವರಿಗೆ 10 ದಿನ ಬ್ಯಾಗಿಲ್ಲದ ದಿನ ಇರಲಿ ಅನ್ನುತ್ತದೆ. ನಮ್ಮಲ್ಲಿ ಸಂಭ್ರಮ ಶನಿವಾರ ಅಂತ ಬ್ಯಾಗಿಲ್ಲದ ಶನಿವಾರ ಇದೆ. ಅದನ್ನು ಭಾಷಣ ಕೇಳಿಸುವುದಕ್ಕೆ ಖರ್ಚು ಮಾಡದಿದ್ದರೆ ಆಯಿತು.

1. ಎರಡು ವಾರ ಏನನ್ನೂ ಕೇಳಬೇಡಿ, ಸುಮ್ನೆ ನೋಡಿ

ಒಂದು ಹಳೆ ನೋಟ್‌ಬುಕ್ ತೆಗೆದುಕೊಳ್ಳಿ. ಒಬ್ಬೊಬ್ಬ ಮಗುವಿಗೆ ಅರ್ಧ ಪುಟ ಬಿಡಿ. ದಿನಕ್ಕೆ ಐದು ಮಕ್ಕಳನ್ನು ಮಾತ್ರ ಗಮನಿಸಿ. ಊಟದ ಬಿಡುವಿನಲ್ಲಿ, ಪ್ರಾರ್ಥನೆಗೆ ಸಾಲು ನಿಲ್ಲುವಾಗ, ಪಾಠ ಬೋರಾದಾಗ ಅವರು ಏನು ಮಾಡುತ್ತಾರೆ ನೋಡಿ. ರಫ್ ನೋಟಿನ ಕೊನೇ ಪುಟ ತೆರೆಯಿರಿ (ಕೇಳಿ ತೆರೆಯಿರಿ, ಅದು ಅವರ ಖಾಸಗಿ ಜಾಗ). ಪಾಠದ ಪುಟಗಳಲ್ಲಿ ಕಾಣದ ಮಗು ಅಲ್ಲಿ ಕಾಣುತ್ತದೆ.

ಏನು ಬರೆದುಕೊಳ್ಳಬೇಕು? ಗುಣ ಬರೆಯಬೇಡಿ, ಕೆಲಸ ಬರೆಯಿರಿ. 'ಚುರುಕು', 'ತುಂಟ' ಅಂತ ಬರೆದರೆ ಅದರಿಂದ ಮುಂದಕ್ಕೆ ದಾರಿಯಿಲ್ಲ. 'ಪೆನ್ನು ಬಿಚ್ಚಿ ಸ್ಪ್ರಿಂಗ್ ತೆಗೆದು ಮತ್ತೆ ಜೋಡಿಸಿದ', 'ಎಲ್ಲರ ಟಿಫಿನ್ ಡಬ್ಬಿ ಇಣುಕಿ ಹೇಗೆ ಮಾಡಿದ್ದು ಅಂತ ಕೇಳಿದಳು', 'ಗೇಟಿನ ಹತ್ತಿರದ ಹೊಂಗೆ ಮರದ ಕೆಳಗೆ ಇರುವೆ ಸಾಲು ನೋಡುತ್ತಾ ಬೆಲ್ ಆದರೂ ಬರಲಿಲ್ಲ' ಅಂತ ಬರೆದರೆ ದಾರಿ ಇದೆ.

ಅಪ್ಪ ಅಮ್ಮಂದಿರಿಗೂ ಇದೇ ಮಾತು. 'ನಿನಗೇನು ಇಷ್ಟ ಪುಟ್ಟ?' ಅಂತ ಕೂರಿಸಿಕೊಂಡು ಕೇಳಿದರೆ ಮಗುವಿಗೆ ಇದು ಇಂಟರ್‌ವ್ಯೂ ಅಂತ ಗೊತ್ತಾಗಿಬಿಡುತ್ತದೆ. ಯಾವ ವಿಷಯಕ್ಕೆ ಅದು ಊಟ ಮರೆಯುತ್ತದೆ, ಯಾವುದರ ಬಗ್ಗೆ ತಮ್ಮ ತಪ್ಪು ಹೇಳಿದರೆ ರೇಗುತ್ತದೆ ಅಂತ ನೋಡಿ. ತಪ್ಪನ್ನು ತಿದ್ದಲು ಓಡಿ ಬರುವ ಜಾಗದಲ್ಲೇ ಆಸಕ್ತಿ ಇರುತ್ತದೆ.

ಮೊಬೈಲ್ ಗೇಮ್ ಬಿಟ್ಟರೆ ಇವನಿಗೆ ಬೇರೇನೂ ಬೇಡ ಅನ್ನುವವರು ಜಾಸ್ತಿ. ಗೇಮ್ ಅಂದ ಕೂಡಲೇ ಮುಖ ಗಂಟು ಹಾಕಬೇಡಿ. ಅವನಿಗೆ ಆಟದ ಯಾವ ಭಾಗ ಇಷ್ಟ? ಮ್ಯಾಪೋ, ಲೆಕ್ಕಾಚಾರವೋ, ಕಥೆಯೋ, ಜೊತೆಯವರೋ? ಹೀಗೆ ಕೇಳಿದಾಗ ಒಬ್ಬ ಹುಡುಗ ಹತ್ತು ನಿಮಿಷ ಮಾತಾಡಿದ. ಆಟದಲ್ಲಿ ಸೋಲು ಬೇಗ ಬರದ ಹಾಗೆ ಹೇಗೆ ಕಟ್ಟಿರುತ್ತಾರೆ ಅನ್ನುವುದೇ ಅವನ ತಲೆಯಲ್ಲಿ ಓಡುತ್ತಿದ್ದದ್ದು. ಅವನ ಕೈಗೆ ಅಳಗುಳಿ ಮಣೆ ಕೊಟ್ಟೆವು. ಎರಡು ಸಾಲು, ಸಾಲಿಗೆ ಏಳು ಗುಳಿ, ಒಂದಷ್ಟು ಹುಣಸೆ ಬೀಜ. ಒಂದು ವಾರದಲ್ಲಿ ಗುಳಿಗಳ ಸಂಖ್ಯೆ ಬದಲಾಯಿಸಿ ತನ್ನದೇ ಆಟ ಮಾಡಿಕೊಂಡು ಬಂದ. ಮೊಬೈಲ್ ಬಿಟ್ಟನಾ? ಇಲ್ಲ. ಅದಕ್ಕೂ ಇದಕ್ಕೂ ಗಂಟು ಹಾಕಬೇಡಿ.

2. ವಿಷಯ ಬೇಡ, ಒಂದು ಪ್ರಶ್ನೆ ಸಾಕು

ಮೂರನೇ ವಾರ ಪ್ರತಿ ಮಗುವಿನ ಜೊತೆ ಎರಡು ನಿಮಿಷ ಮಾತಾಡಿ. ನೀವು ನೋಡಿದ್ದನ್ನು ಹೇಳಿ: 'ಬಸ್ ನಂಬರ್ ಎಲ್ಲಾ ನಿನಗೆ ಗೊತ್ತಲ್ವಾ, ಅದರ ಬಗ್ಗೆ ನಿನಗೇ ಗೊತ್ತಿಲ್ಲದ್ದು ಏನಿದೆ?' ಈ ಕೊನೆಯ ತುಂಡು ಮುಖ್ಯ. ಗೊತ್ತಿರುವುದನ್ನು ಕೇಳಿದರೆ ಮಗು ಒಪ್ಪಿಸುತ್ತದೆ. ಗೊತ್ತಿಲ್ಲದ್ದನ್ನು ಕೇಳಿದರೆ ಯೋಚಿಸುತ್ತದೆ.

ನಂತರ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಮೂರು ಕಾಲಂ ಹಾಕಿಸಿ: 'ಗೊತ್ತು', 'ಗೊತ್ತಿಲ್ಲ', 'ಯಾರನ್ನ ಕೇಳಲಿ'. ಮೂರನೇ ಕಾಲಮ್ಮಿನಲ್ಲಿ 'ಗೂಗಲ್' ಅಂತ ಬರೆಯಲು ಒಂದೇ ಸಲ ಅವಕಾಶ. ಉಳಿದದ್ದೆಲ್ಲ ಮನುಷ್ಯರೇ ಆಗಿರಬೇಕು. ಈ ಒಂದು ನಿಯಮದ ವಿಷಯದಲ್ಲಿ ಮಾತ್ರ ನಾನು ಬಿಗಿ.

'ಬಸ್ಸುಗಳು' ಅನ್ನುವುದು ವಿಷಯ. ಅದನ್ನು ಹಿಡಿದು ಹೊರಟರೆ ಇಂಟರ್ನೆಟ್ಟಿನಿಂದ ಇಳಿಸಿದ ಚಾರ್ಟ್ ಆಗುತ್ತದೆ. 'ನಮ್ಮ ಸ್ಟಾಪಿನಲ್ಲಿ ಸಂಜೆ 4ರಿಂದ 5ರ ಒಳಗೆ ಎಷ್ಟು ಬಸ್ಸು ನಿಲ್ಲುತ್ತವೆ, ಅವು ಎಲ್ಲಿಗೆ ಹೋಗುತ್ತವೆ?' ಅನ್ನುವುದು ಪ್ರಶ್ನೆ. ಅದಕ್ಕೆ ಅವನೇ ನಿಂತು ಎಣಿಸಬೇಕು. 'ಹಕ್ಕಿಗಳು' ಬೇಡ, 'ಶಾಲೆಯ ಕಾಂಪೌಂಡಿಗೆ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಯಾವ ಹಕ್ಕಿ ಬರುತ್ತವೆ' ಇರಲಿ. ಗೊರವಂಕ, ಕಾಗೆ, ಗಿಳಿ, ಮೇಲೆ ಸುತ್ತುವ ಹದ್ದು ಅಂತ ಶುರುವಾದ ಪಟ್ಟಿ ನಮ್ಮಲ್ಲಿ ಎರಡು ವಾರದಲ್ಲಿ ಹನ್ನೊಂದಕ್ಕೆ ಹೋಯಿತು. ಒಂದು ವಾರದಲ್ಲಿ ಕಣ್ಣು, ಕಿವಿ, ಕಾಲು ಬಳಸಿ ಉತ್ತರ ಹುಡುಕಲು ಆಗುವಂತಿದ್ದರೆ ಪ್ರಶ್ನೆಯ ಅಳತೆ ಸರಿಯಾಗಿದೆ.

3. ಊರನ್ನು ಬಳಸಿಕೊಳ್ಳಿ

ಬೆಂಗಳೂರಿನಲ್ಲಿ ಟ್ರಾಫಿಕ್ ಬಿಟ್ಟರೆ ಏನಿದೆ ಅನ್ನುವವರು ಮಕ್ಕಳ ಜೊತೆ ಒಂದು ಸಲ ಹೊರಗೆ ಬಂದು ನೋಡಲಿ. ಆದರೆ ಪಿಕ್ನಿಕ್ ಮಾಡಬೇಡಿ. ಒಂದು ಸಲಕ್ಕೆ ಒಂದೇ ಜಾಗ, ಒಬ್ಬೊಬ್ಬರಿಗೆ ಒಂದೇ ಪ್ರಶ್ನೆ.

ಕಲ್ಲು ಕೂಡಿಡುವ ಮಗುವನ್ನು ಲಾಲ್‌ಬಾಗಿನ ಬಂಡೆ ಮೇಲೆ ಕೂರಿಸಿ. ಸುಮಾರು 300 ಕೋಟಿ ವರ್ಷದ ಕಲ್ಲು ಅದು, ತುದಿಯಲ್ಲಿ ಕೆಂಪೇಗೌಡರ ಗೋಪುರ. ಜೇಬಿನಲ್ಲಿರುವ ಕಲ್ಲಿಗೂ ಕೆಳಗಿರುವ ಕಲ್ಲಿಗೂ ಏನು ವ್ಯತ್ಯಾಸ ಅಂತ ಅದೇ ನೋಡಿಕೊಳ್ಳುತ್ತದೆ. ಮರದ ಹುಚ್ಚಿದ್ದರೆ ಅಲ್ಲೇ ಕೆಳಗಿಳಿದರೆ ಆಯಿತು. ವಸ್ತು ಬಿಚ್ಚುವ ಮಕ್ಕಳಿಗೆ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ. ಅಲ್ಲಿ ಎಂಜಿನ್ನುಗಳದ್ದೇ ಒಂದು ಹಾಲ್ ಇದೆ, ರೈಟ್ ಸಹೋದರರ ವಿಮಾನದ ಪೂರ್ತಿ ಅಳತೆಯ ಮಾದರಿಯೂ ಇದೆ. ಆಕಾಶ ನೋಡುವವರಿಗೆ ಚೌಡಯ್ಯ ರಸ್ತೆಯ ತಾರಾಲಯ. ಚಿತ್ರ ಬಿಡಿಸುವವರನ್ನು ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಕರೆದುಕೊಂಡು ಹೋಗಿ. ಕಲಾವಿದರು ರಸ್ತೆ ಬದಿಯಲ್ಲೇ ಕೂತಿರುತ್ತಾರೆ, ಮಕ್ಕಳು ನೇರವಾಗಿ ಮಾತಾಡಿಸಬಹುದು. ಓದುವ ಮಕ್ಕಳಿಗೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಸಾಲು. ತಂತಿ, ಬಲ್ಬು, ಮೋಟಾರಿನ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರಸ್ತೆ. ಎಲ್ಲಿಗೆ ಹೋಗುವುದಾದರೂ ರಜೆ ಯಾವತ್ತು ಅಂತ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ಒಂದು ಸಲ ಇಪ್ಪತ್ತು ಮಕ್ಕಳನ್ನು ಕಟ್ಟಿಕೊಂಡು ಮುಚ್ಚಿದ ಬಾಗಿಲ ಮುಂದೆ ನಿಂತವಳು ಹೇಳುತ್ತಿದ್ದೇನೆ.

ಬಸ್ಸಿನ ಹುಡುಗನ ಕಥೆ ಇಲ್ಲಿ ತಿರುವು ತೆಗೆದುಕೊಂಡಿತು. ಅವನ ತಾತ ಇವತ್ತಿಗೂ 'ಬಿಟಿಎಸ್ ಬಸ್ಸು' ಅನ್ನುತ್ತಾರಂತೆ. ಯಾಕೆ ಅಂತ ಕೇಳಿಕೊಂಡು ಬಾ ಅಂದೆ. ಬಿಎಂಟಿಸಿ ಅಂತ ಹೆಸರು ಬಂದದ್ದೇ 1997ರಲ್ಲಿ, ಅದಕ್ಕೆ ಮೊದಲು ಊರಿನ ಬಸ್ಸಿಗೆ ಬಿಟಿಎಸ್ ಅನ್ನುತ್ತಿದ್ದರು ಅಂತ ತಿಳಿದುಕೊಂಡು ಬಂದ. ಜೊತೆಗೆ ತಾತ ಇನ್ನೊಂದು ಮಾತು ಹೇಳಿ ಕಳಿಸಿದ್ದರು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗ ಹಿಂದೆ ಧರ್ಮಾಂಬುಧಿ ಕೆರೆ. "ಕೆರೆ ಮೇಲೆ ಬಸ್ ನಿಲ್ಲಿಸ್ತಾರಾ ಮಿಸ್?" ಅಂತ ಅವನಿಗೆ ಎರಡು ದಿನ ಅದೇ ಗುಂಗು. ಕಂಠೀರವ ಕ್ರೀಡಾಂಗಣದ ಜಾಗದಲ್ಲೂ ಸಂಪಂಗಿ ಕೆರೆ ಇತ್ತು ಅಂತ ನಾನು ಸೇರಿಸಿದೆ. ಆಮೇಲೆ ಅವನ ನೋಟ್‌ಬುಕ್ಕಿನಲ್ಲಿ ಬಸ್ಸಿಗಿಂತ ಕೆರೆಗಳೇ ಜಾಸ್ತಿಯಾದವು. ಹೀಗೆ ದಾರಿ ತಪ್ಪಿದರೆ ತಪ್ಪಲಿ. 'ಬಸ್ ಅಂತ ಬರೆದಿದ್ದೀಯ, ಅದನ್ನೇ ಮಾಡು' ಅನ್ನಬೇಡಿ.

4. ಗೊತ್ತಿರುವವರ ಹತ್ತಿರ ಕಳಿಸಿ

ಎಕ್ಸ್‌ಪರ್ಟ್ ಅಂದರೆ ಪ್ರೊಫೆಸರ್ರೇ ಆಗಬೇಕಿಲ್ಲ. ಹೂ ಕಟ್ಟುವ ಆಂಟಿ, ಟೈಲರ್ ಅಂಕಲ್, ಪಂಕ್ಚರ್ ಅಂಗಡಿಯ ಅಣ್ಣ, ಶಾಲೆಯ ಬಿಸಿಯೂಟದ ಅಕ್ಕ, ಇವರೆಲ್ಲ ಮಕ್ಕಳಿಗೆ ಮನಸಾರೆ ಹೇಳಿಕೊಡುತ್ತಾರೆ. ಎರಡು ನಿಯಮ ಸಾಕು. ವ್ಯಾಪಾರದ ಹೊತ್ತಿನಲ್ಲಿ ಹೋಗಬಾರದು. ಐದಕ್ಕಿಂತ ಜಾಸ್ತಿ ಪ್ರಶ್ನೆ ಕೇಳಬಾರದು. ಚಿಕ್ಕ ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲಿ.

ಇಲ್ಲಿ ಭಾಷೆಯ ಮಾತು ಬರುತ್ತದೆ. ನಮ್ಮ ಕ್ಲಾಸುಗಳಲ್ಲಿ ಮನೆಯಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಆಡುವವರಿದ್ದಾರೆ. ಕನ್ನಡವನ್ನೇ ಬೇರೆ ಬಗೆಯಲ್ಲಿ ಆಡುವವರೂ ಇದ್ದಾರೆ. ಕೊಪ್ಪಳದ ಕಡೆಯಿಂದ ಬಂದ ಒಬ್ಬ ಹುಡುಗಿ ಕ್ಲಾಸಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅವಳ ಅಪ್ಪ ಕಟ್ಟಡದ ಕೆಲಸದವರು. ಮಾತಾಡಿದರೆ ಬೇರೆ ಮಕ್ಕಳು ನಗುತ್ತಿದ್ದರು. ನನ್ನ ನೋಟ್‌ಬುಕ್ಕಿನ ಅವಳ ಅರ್ಧ ಪುಟದಲ್ಲಿ ಎರಡು ವಾರ ಕಳೆದರೂ ಇದ್ದದ್ದು ಒಂದೇ ಸಾಲು: 'ಯೂನಿಫಾರ್ಮ್ ಹರಿದದ್ದನ್ನು ತಾನೇ ಹೊಲಿದುಕೊಂಡಿದ್ದಾಳೆ, ಹೊಲಿಗೆ ತುಂಬಾ ಸಣ್ಣದು, ನೇರ.' ಯಾರು ಕಲಿಸಿದರು ಅಂತ ಕೇಳಿದೆ. "ನಮ್ಮವ್ವ ರೀ. ಕೌದಿ ಹೊಲಿತಾಳ್ರೀ." ಮರುದಿನ ಕೌದಿ ಬಂತು. ಹಳೇ ಸೀರೆಗಳನ್ನು ಪದರ ಪದರ ಹಾಸಿ, ಮೇಲೆ ಚೌಕ ಚೌಕ ಬಟ್ಟೆ ಇಟ್ಟು, ಅಂಚಿನಿಂದ ಒಳಗೆ ಸಾಲು ಸಾಲಾಗಿ ಕೈಯಲ್ಲಿ ಹೊಲಿದದ್ದು. ಯಾವ ತುಂಡು ಯಾರ ಸೀರೆಯದ್ದು ಅಂತ ಅವಳಿಗೆ ಗೊತ್ತಿತ್ತು. 'ಸೀರಿ', 'ಹಾಸಿಗಿ' ಅಂತಲೇ ಹೇಳಿದಳು. ನಾನು ತಿದ್ದಲಿಲ್ಲ. ವಸ್ತು ಕೈಯಲ್ಲಿದ್ದಾಗ ಯಾರೂ ನಗಲಿಲ್ಲ, ಮುಟ್ಟಿ ನೋಡಲು ನೂಕಾಡುತ್ತಿದ್ದರು.

ಹಾಗಾಗಿ ಒಂದು ಸಲಹೆ: ಮಾತು ಕಷ್ಟ ಇರುವ ಮಗು ಮೊದಲು ವಸ್ತು ತರಲಿ. ಹೆಸರುಗಳನ್ನು ಮನೆಮಾತಿನಲ್ಲೇ ಹೇಳಲಿ. ಪಠ್ಯದ ಕನ್ನಡಕ್ಕೆ ಆಮೇಲೆ ತಂದರೆ ಆಯಿತು, ತರದಿದ್ದರೂ ನಡೆಯುತ್ತದೆ.

5. ಹೇಳುವವರಿಗಿಂತ ಮೊದಲು ಕೇಳುವವರನ್ನು ತಯಾರು ಮಾಡಿ

ನನ್ನ ದೊಡ್ಡ ತಪ್ಪು ಇಲ್ಲೇ ಆದದ್ದು. ಮೊದಲ ವರ್ಷ ಬಸ್ಸಿನ ಹುಡುಗನನ್ನು ವಾರ್ಷಿಕೋತ್ಸವದ ಸ್ಟೇಜ್ ಹತ್ತಿಸಿದೆ. ಕೈಗೆ ಮೈಕು, ಎದುರಿಗೆ ಅಪ್ಪ ಅಮ್ಮಂದಿರು, ಮುಂದಿನ ಸಾಲಿನಲ್ಲಿ ಅತಿಥಿಗಳು. ಎರಡು ವಾಕ್ಯ ಹೇಳಿದ, ಮೂರನೆಯದು ಬರಲಿಲ್ಲ. ಹಿಂದಿನಿಂದ ಯಾರೋ 'ರೈಟ್, ರೈಟ್' ಅಂತ ಕಂಡಕ್ಟರ್ ಥರ ಕೂಗಿದರು. ಇಡೀ ಹಾಲ್ ನಕ್ಕಿತು. ಅವನು ಮೂರು ತಿಂಗಳು ಬಸ್ಸಿನ ಮಾತೇ ಎತ್ತಲಿಲ್ಲ. ಅವನಿಗೆ ಪ್ರಾಕ್ಟೀಸ್ ಕಮ್ಮಿಯಾಯಿತು ಅಂತ ಎಲ್ಲರೂ ಹೇಳಿದರು. ನನಗೆ ಹಾಗೆ ಅನ್ನಿಸಲಿಲ್ಲ. ಹೇಗೆ ಕೇಳಬೇಕು ಅಂತ ಆ ಹಾಲಿನಲ್ಲಿದ್ದ ಯಾರಿಗೂ ನಾವು ಕಲಿಸಿರಲಿಲ್ಲ.

ಈಗ ನಾನು ಎರಡು ಪೂರ್ತಿ ಪಿರಿಯಡ್ ಕೇಳುವುದಕ್ಕೇ ಕೊಡುತ್ತೇನೆ. ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ. ಒಬ್ಬರು ಮೂರು ನಿಮಿಷ ಹೇಳಬೇಕು, ಇನ್ನೊಬ್ಬರು ಕೇಳಿ ಎರಡು ಪ್ರಶ್ನೆ ಕೇಳಬೇಕು. 'ಚೆನ್ನಾಗಿತ್ತು', 'ಸೂಪರ್' ನಿಷೇಧ, ಚಪ್ಪಾಳೆಯೂ ಬೇಡ. ಪ್ರಶ್ನೆ ಹೊಳೆಯದವರಿಗೆ ಬೋರ್ಡಿನ ಮೇಲೆ ನಾಲ್ಕು ಶುರುವಾತು ಬರೆದಿಡಿ:

ಮೊದಲ ಸಲ ಇದನ್ನ ಎಲ್ಲಿ ನೋಡಿದೆ?
ಇದರಲ್ಲಿ ಕಷ್ಟ ಯಾವುದು?
ಇದು ಹೀಗೆ ಇಲ್ಲದೆ ಬೇರೆ ಥರ ಇದ್ದಿದ್ದರೆ ಏನಾಗ್ತಿತ್ತು?
ನನಗೂ ಒಂದು ಸಲ ತೋರಿಸ್ತೀಯಾ?

ನಾಲ್ಕನೆಯದಕ್ಕೆ ಮುಖ ಅರಳುವುದನ್ನು ನೋಡಬೇಕು ನೀವು.

ಕೇಳಬಾರದ ಪ್ರಶ್ನೆ ಒಂದಿದೆ: 'ಇದರಿಂದ ಏನು ಉಪಯೋಗ?' ಇದನ್ನು ಮಕ್ಕಳಿಗಿಂತ ದೊಡ್ಡವರೇ ಜಾಸ್ತಿ ಕೇಳುತ್ತಾರೆ. ಹೆಡ್‌ಮಾಸ್ಟರ್ ನೋಡಲು ಬಂದರೆ ಅವರಿಗೂ ಮೊದಲೇ ಮೆಲ್ಲಗೆ ಹೇಳಿಡಿ.

ಪ್ರತಿಭಾ ಕಾರಂಜಿ ಇದೆಯಲ್ಲ, ಇದು ಬೇರೆ ಯಾಕೆ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಅದು ಸ್ಪರ್ಧೆ. ಹಾಡುವವರಿಗೆ, ಕುಣಿಯುವವರಿಗೆ, ಭಾಷಣ ಮಾಡುವವರಿಗೆ ಒಳ್ಳೆಯ ವೇದಿಕೆ. ಆದರೆ ಇರುವೆ ನೋಡುವ ಹುಡುಗ ಅಲ್ಲಿ ಯಾವ ವಿಭಾಗಕ್ಕೆ ಹೆಸರು ಕೊಡಬೇಕು? ಎರಡೂ ಇರಲಿ, ಬೆರೆಸಬೇಡಿ. ಇಲ್ಲಿ ಮಾರ್ಕ್ಸ್ ಇಲ್ಲ, ಬಹುಮಾನ ಇಲ್ಲ, 'ಬೆಸ್ಟ್' ಅನ್ನುವ ಸರ್ಟಿಫಿಕೇಟಂತೂ ಇಲ್ಲವೇ ಇಲ್ಲ.

6. ಪರಿಷೆ ಕಟ್ಟಿ

ಕೊನೆಯ ವಾರದ ಹಂಚಿಕೆಗೆ ನಾವು ಪರಿಷೆ ಅಂತ ಹೆಸರಿಟ್ಟಿದ್ದೇವೆ. ಕಾರ್ತಿಕ ಮಾಸದ ಕೊನೇ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ ಹತ್ತಿರ ಕಡಲೆಕಾಯಿ ಪರಿಷೆ ನಡೆಯುತ್ತದಲ್ಲ, ನಮ್ಮ ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು. ರಾಶಿ ಹಾಕಿಕೊಂಡು ಕೂತವರು ಕೂತಿರುತ್ತಾರೆ, ಜನ ಓಡಾಡುತ್ತಾ ನಿಂತು, ಮುಟ್ಟಿ, ಚೌಕಾಸಿ ಮಾಡಿ ಮುಂದೆ ಹೋಗುತ್ತಾರೆ. ಸ್ಟೇಜ್ ಇಲ್ಲ, ಮೈಕ್ ಇಲ್ಲ. ಹಂಚಿಕೊಳ್ಳುವುದಕ್ಕೆ ಇದಕ್ಕಿಂತ ಸಲೀಸಾದ ವ್ಯವಸ್ಥೆ ನನಗೆ ಗೊತ್ತಿಲ್ಲ.

ಎರಡು ಪಿರಿಯಡ್ ಒಟ್ಟಿಗೆ ತೆಗೆದುಕೊಳ್ಳಿ, 80 ನಿಮಿಷ. ಮಕ್ಕಳನ್ನು ಅರ್ಧ ಅರ್ಧ ಮಾಡಿ. ಮೊದಲ ಅರ್ಧ ವರಾಂಡದಲ್ಲಿ ಚಾಪೆ ಹಾಸಿ ಅಂಗಡಿ ಹೂಡಲಿ. ಉಳಿದವರು ಗಿರಾಕಿಗಳು. ಅರ್ಧ ಗಂಟೆಗೆ ಬೆಲ್ ಹೊಡೆದು ಅದಲುಬದಲು ಮಾಡಿ. ಅಂಗಡಿ ಅಂದರೆ ದೊಡ್ಡದೇನಲ್ಲ: ಒಂದು ವಸ್ತು ಅಥವಾ ಒಂದು ಹಾಳೆ, ಜೊತೆಗೆ ಉತ್ತರ ಸಿಗದ ಒಂದು ಪ್ರಶ್ನೆ. ಥರ್ಮಾಕೋಲ್ ಮಾದರಿ ಬೇಡ ಅಂತ ಮನೆಗೆ ಮೊದಲೇ ಚೀಟಿ ಕಳಿಸಿ. ಇಲ್ಲದಿದ್ದರೆ ಅಪ್ಪ ಅಮ್ಮಂದಿರ ನಡುವೆ ಸ್ಪರ್ಧೆ ಶುರುವಾಗುತ್ತದೆ.

ಪ್ರತಿ ಅಂಗಡಿಗೂ ಹತ್ತು ಕಡಲೆಕಾಯಿ ಕೊಡಿ. ಒಳ್ಳೆಯ ಪ್ರಶ್ನೆ ಕೇಳಿದ ಗಿರಾಕಿಗೆ ಅಂಗಡಿಯವರು ಒಂದು ಕಡಲೆಕಾಯಿ ಕೊಡಬೇಕು. ಯಾವುದು ಒಳ್ಳೆಯ ಪ್ರಶ್ನೆ ಅಂತ ತೀರ್ಮಾನ ಮಾಡುವುದು ಅಂಗಡಿಯ ಮಗುವೇ, ನೀವಲ್ಲ. ಗಿರಾಕಿಗೆ ಕಡಲೆಕಾಯಿ ಬೇಕು, ಹಾಗಾಗಿ ಗಮನ ಕೊಟ್ಟು ಕೇಳುತ್ತಾನೆ. ಅಂಗಡಿಯವಳಿಗೆ ರಾಶಿ ಕರಗಬೇಕು, ಹಾಗಾಗಿ ಪ್ರಶ್ನೆ ಬರುವ ಹಾಗೆ ಹೇಳುತ್ತಾಳೆ. ಕಡಲೆಕಾಯಿ ಆಗದ ಮಕ್ಕಳಿದ್ದಾರಾ ಅಂತ ಮೊದಲೇ ವಿಚಾರಿಸಿ. ಒಬ್ಬರಿದ್ದರೂ ಇಡೀ ಕ್ಲಾಸಿಗೆ ಹುಣಸೆ ಬೀಜ ಬಳಸಿ, ಕೊನೆಗೆ ಎಣಿಸಿ ಬೆಲ್ಲದ ಚೂರು ಕೊಡಿ.

ಕೂತು ಮಾತಾಡಲೂ ಆಗದವರು ಇರುತ್ತಾರೆ. ಅವರು ಹಾಳೆಯನ್ನು ಗೋಡೆಗೆ ಅಂಟಿಸಿ ಹೆಸರು ಹಾಕದೆ ಬಿಡಲಿ. ಪಕ್ಕದಲ್ಲಿ ಖಾಲಿ ಹಾಳೆ, ದಾರಕ್ಕೆ ಕಟ್ಟಿದ ಪೆನ್ಸಿಲ್. ಪ್ರಶ್ನೆ ಬರೆದವರಿಗೆ ಉತ್ತರ ಮರುದಿನ ಅದೇ ಹಾಳೆಯಲ್ಲಿ ಬರುತ್ತದೆ. ಸ್ಟೇಜಿನಿಂದ ಇಳಿದ ಹುಡುಗ ಎಂಟನೇ ಕ್ಲಾಸಿನಲ್ಲಿ ಹೀಗೇ ವಾಪಸ್ ಬಂದದ್ದು. ನಮ್ಮ ಸ್ಟಾಪಿನ ಬಸ್ಸುಗಳ ಪಟ್ಟಿ, ಕೆಳಗೆ 'ಮೆಜೆಸ್ಟಿಕ್ ಕೆರೆಯ ನೀರು ಈಗ ಎಲ್ಲಿಗೆ ಹೋಗುತ್ತೆ?' ಅನ್ನುವ ಒಂದು ಸಾಲು. ಒಂದೇ ದಿನದಲ್ಲಿ ಹದಿನಾಲ್ಕು ಪ್ರಶ್ನೆ ಬಂದವು. ಹದಿನೈದನೆಯದು ನನ್ನದು.

7. ಉಳಿದ ಒಂದೆರಡು

ಫೋಟೋ ತೆಗೆಯುವುದಾದರೆ ವಸ್ತುವಿನದ್ದು ತೆಗೆಯಿರಿ, ಮಗುವಿನ ಮುಖದ್ದು ಬೇಡ. ವಾಟ್ಸಾಪ್ ಗುಂಪಿಗೆ ಹಾಕುವ ಮೊದಲು ಮಗುವನ್ನೂ ಮನೆಯವರನ್ನೂ ಕೇಳಿ. ಹೆಸರು, ಶಾಲೆ, ಮನೆಯ ವಿಳಾಸ ಹೊರಗೆ ಹೋಗಬಾರದು.

ಅರ್ಧಕ್ಕೆ ಬಿಟ್ಟವರನ್ನು ಬೈಯಬೇಡಿ. ಮೂರನೇ ವಾರ ಹಕ್ಕಿ ಅಂದವಳು ಆರನೇ ವಾರ ರಂಗೋಲಿ ಅನ್ನುತ್ತಾಳೆ. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದರೆ ಮುಗಿಯಿತು. ಏನೂ ಕಾಣಿಸದ ಒಬ್ಬಿಬ್ಬರು ಪ್ರತಿ ವರ್ಷ ಇರುತ್ತಾರೆ. ಅವರನ್ನು ಪರಿಷೆಯಲ್ಲಿ ಎರಡೂ ಸುತ್ತು ಗಿರಾಕಿಗಳಾಗಿಯೇ ಬಿಡಿ. ಮನೆಗೆ ಹೋಗುವಾಗ ಅವರ ಜೇಬೇ ತುಂಬಿರುತ್ತದೆ.

ನಿಮ್ಮದೂ ಒಂದು ಅಂಗಡಿ ಇರಲಿ. ನಾನು ಹಳೇ ಬಸ್ ಟಿಕೆಟ್ ಇಟ್ಟುಕೊಂಡು ಕೂತಿದ್ದೆ. ಕೌದಿಯ ಹುಡುಗಿ ಬಂದು ಎರಡು ಟಿಕೆಟ್ ಎತ್ತಿ ನೋಡಿದಳು. "ಮಿಸ್, ಇವನ್ನೆಲ್ಲಾ ಸಾಲಾಗಿ ಇಟ್ಟು ಹೊಲಿದ್ರ ಕೌದಿ ಆಕ್ಕೈತೇನ್ರೀ?" ಅಂದಳು. ನನ್ನ ಹತ್ತರಲ್ಲಿ ಎರಡು ಕಡಲೆಕಾಯಿ ಅವಳಿಗೇ ಹೋದವು.